ಋಣ ಸಂಖ್ಯೆ ಅಂದ್ರೆ ಉದ್ರಿ ಲೆಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನ ಮಗಳು ಒಂಬತ್ತನೇ ಕ್ಲಾಸು. ಮೊನ್ನೆ ಸ್ವಾಭಾವಿಕ ಸಂಖ್ಯೆ, ಪೂರ್ಣ ಸಂಖ್ಯೆ, ಪೂರ್ಣಾಂಕ, ಭಾಗಲಬ್ಧ, ಅಭಾಗಲಬ್ಧ ಅಂತ ಒಂದೇ ಉಸಿರಿಗೆ ಒಪ್ಪಿಸಿದಳು. "ಪೂರ್ಣ ಸಂಖ್ಯೆ ಇದ್ದ ಮ್ಯಾಲೆ ಪೂರ್ಣಾಂಕ ಯಾಕ ಬೇಕಾತವ್ವಾ?" ಅಂದೆ. ಸುಮ್ಮನಾದಳು. ಅವಳ ತಪ್ಪಲ್ಲ, ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಹೊಸ ಸಂಖ್ಯೆಯ ಹೆಸರು ಹೇಳುವ ಮೊದಲು, ಹಳೇ ಸಂಖ್ಯೆಗಳಿಗೆ ಎಲ್ಲಿ ಕೈಲಾಗಲಿಲ್ಲ ಅಂತ ಮಕ್ಕಳಿಗೆ ತೋರಿಸಬೇಕು. ನನ್ನ ಮಾತು ಇಷ್ಟೇ.

ಎಣಿಸೋಕೆ 1, 2, 3 ಸಾಕು. ಬುಟ್ಟಿ ಖಾಲಿಯಾದಾಗ ಸೊನ್ನೆ ಬೇಕು. ಅಲ್ಲಿಗೆ ಪೂರ್ಣ ಸಂಖ್ಯೆ ಆಯಿತು.

ಮುಂದಿನದನ್ನು ನಾನು ಕಲಿತದ್ದು ಗದಗಿನಲ್ಲಿ, ಅಪ್ಪನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ. ಒಬ್ಬ ಗಿರಾಕಿಯ ಹೆಸರಲ್ಲಿ 380 ರೂಪಾಯಿ ಉದ್ರಿ. 400 ಕೊಟ್ಟು ಹೋದರು. ಈಗ ಅವರದೇ 20 ರೂಪಾಯಿ ನಮ್ಮ ಹತ್ತಿರ ಜಮಾ. ಅವರ ಲೆಕ್ಕ −380ರಿಂದ ಹೊರಟು, ಸೊನ್ನೆ ದಾಟಿ, +20ಕ್ಕೆ ಬಂತು. ಪೂರ್ಣಾಂಕ ಅಂದ್ರೆ ಇದೇ ಅಲ್ವಾ? ಋಣ ಅಂದ್ರೆ ಸಾಲ, ಧನ ಅಂದ್ರೆ ದುಡ್ಡು. 628ರಲ್ಲಿ ಗಣಿತಜ್ಞ ಬ್ರಹ್ಮಗುಪ್ತ ಇವುಗಳ ನಿಯಮ ಬರೆದದ್ದೂ ಸಾಲ, ದುಡ್ಡಿನ ಮಾತಲ್ಲೇ. ಅರ್ಥ ಶಬ್ದದೊಳಗೇ ಕೂತಿದೆ, ನಾವು ಬಿಡಿಸಿ ಹೇಳುವುದಿಲ್ಲ.

ಋಣವನ್ನು ಋಣದಿಂದ ಗುಣಿಸಿದರೆ ಧನ ಯಾಕೆ? ಅದೇ ಪುಸ್ತಕ ತೆಗೆಯಿರಿ. ತಪ್ಪಿ ಬರೆದಿದ್ದ 50 ರೂಪಾಯಿಯ ಮೂರು ಉದ್ರಿಗಳನ್ನು ಅಪ್ಪ ಗೀಟು ಎಳೆದು ಹೊಡೆದು ಹಾಕಿದರು. ಗಿರಾಕಿಗೆ 150 ಉಳಿಯಿತು. ಒಂದೊಂದು ಉದ್ರಿ −50, ಮೂರನ್ನು ಹೊಡೆದು ಹಾಕಿದ್ದು −3. (−3) × (−50) = 150.

ಪಾವ್ ಕಿಲೋ ಬೆಲ್ಲ, ಒಂದೂವರೆ ಮೀಟರ್ ಬಟ್ಟೆ, ಇವು ಭಾಗಲಬ್ಧ, ಅಂದ್ರೆ ಒಂದು ಪೂರ್ಣಾಂಕವನ್ನು ಸೊನ್ನೆಯಲ್ಲದ ಇನ್ನೊಂದರಿಂದ ಭಾಗಿಸಿ ಬರೆಯಬಹುದಾದ ಸಂಖ್ಯೆ. ಹಾಗೆ ಬರೆಯೋಕೆ ಆಗದ್ದು ಅಭಾಗಲಬ್ಧ. ಒಂದು ಕಿಲೋ ಧಾರವಾಡ ಪೇಢೆಯನ್ನು ಮೂವರಿಗೆ ಹಂಚಿದರೆ 0.333 ಅಂತ ಓಡುತ್ತಲೇ ಇರುತ್ತದೆ. ಮಕ್ಕಳು ಎಡವುವುದು ಇಲ್ಲೇ. ಮುಗಿಯಲಿಲ್ಲ ಅಂದ ಮಾತ್ರಕ್ಕೆ ಅಭಾಗಲಬ್ಧ ಅಲ್ಲ. ಅದೇ ಅಂಕಿ ಮತ್ತೆ ಮತ್ತೆ ಬರುತ್ತಿದೆ, 1/3 ಅಂತ ಬರೆಯೋಕೂ ಆಗುತ್ತದೆ. ಹಾಗೇ 22/7 ಭಾಗಲಬ್ಧ, ಪೈ ಅಭಾಗಲಬ್ಧ. 22/7 ಪೈಗೆ ಹತ್ತಿರದ ಬೆಲೆ ಮಾತ್ರ. ಇದನ್ನು ಬೋರ್ಡಿನ ಮೇಲೆ ಒಮ್ಮೆ ದಪ್ಪಗೆ ಬರೆಯಿರಿ ಅಂತ ಮಾಸ್ತರರಿಗೆ ಕೈಮುಗಿದು ಕೇಳುತ್ತೇನೆ.

ಅಭಾಗಲಬ್ಧ ಸಂಖ್ಯೆಯನ್ನು ಕಣ್ಣಾರೆ ನೋಡಬೇಕಾ? ಹುಬ್ಬಳ್ಳಿಯಲ್ಲಿ ನಮ್ಮ ಮನೆ ಕಟ್ಟುವಾಗ ಗೌಂಡಿ 10 ಅಡಿ ಚೌಕದ ಕೋಣೆಗೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದ. 14 ಅಡಿ, ಮೇಲೆ ಒಂದೂಮುಕ್ಕಾಲು ಇಂಚಿಗೆ ಕೂದಲೆಳೆ ಕಡಿಮೆ. ಇನ್ನೆರಡು ಮೂಲೆಗೂ ಹಿಡಿದ. ಅಷ್ಟೇ ಬಂತು. "ಬರೋಬ್ಬರಿ ಐತ್ರಿ" ಅಂದ. ಅವನ ಕೆಲಸಕ್ಕೆ ಅಷ್ಟು ಸಾಕು. ಆದರೆ ಪಕ್ಕಾ ಚೌಕದಲ್ಲಿ ಆ ಉದ್ದ 10√2 ಅಡಿ, ಅಂದ್ರೆ 14.1421 ಅಂತ ಹೋಗುತ್ತದೆ. ಮುಗಿಯುವುದಿಲ್ಲ, ಒಂದೇ ಸಾಲು ತಿರುತಿರುಗಿ ಬರುವುದೂ ಇಲ್ಲ. ಇಂಚನ್ನು ನೂರು ಭಾಗ ಮಾಡಿ, ಲಕ್ಷ ಭಾಗ ಮಾಡಿ, ಅದು ಗೆರೆಯ ಮೇಲೆ ಸರಿಯಾಗಿ ಕೂರುವುದಿಲ್ಲ. ಆದರೂ ಆ ಉದ್ದ ಕಣ್ಣೆದುರಿಗೇ ಇದೆ! ಭಾಗಲಬ್ಧ, ಅಭಾಗಲಬ್ಧ ಎರಡನ್ನೂ ಒಂದೇ ಸಂಖ್ಯಾರೇಖೆಯ ಮೇಲೆ ಸೇರಿಸಿದರೆ ವಾಸ್ತವ ಸಂಖ್ಯೆಗಳು.

ಇಷ್ಟು ಕೇಳಿದ ಮೇಲೆ ಹುಡುಗಿ ತಾನೇ ಕೇಳಿದಳು: "ಕಾಕಾ, ಹಂಗಾದ್ರ ಋಣ ಒಂದರ ವರ್ಗಮೂಲ ಎಲ್ಲೈತಿ?" 9ನೇ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿ, ಗಣಿತಜ್ಞ ಮಹಾವೀರಾಚಾರ್ಯರು ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಅಂತ ಬರೆದಿದ್ದರು. ಈ ರೇಖೆಯ ಮೇಲೆ ಹುಡುಕಿದರೆ ಅದು ನಿಜ. ಮುಂದಿನ ಸಂಚಿಕೆಯನ್ನು ಅವಳ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.