ನಡುಮಣೆ ಬಿಟ್ಟುಕೊಟ್ಟು ಆಡುವ ಆಟ

ನಮಸ್ಕಾರ. ಮನೆಯಲ್ಲಿ ಚೆಸ್ ಮಣೆ ಇದ್ದರೆ ಎದುರಿಗೆ ಇಟ್ಟುಕೊಳ್ಳಿ. ಇವತ್ತು ನನಗೆ ತುಂಬಾ ಇಷ್ಟವಾದ ಗ್ರುನ್‌ಫೆಲ್ಡ್ ಡಿಫೆನ್ಸ್ ಬಗ್ಗೆ ಮಾತಾಡೋಣ. ಕಪ್ಪು ಕಾಯಿ ಹಿಡಿದವರು ಆಡುವ ಆರಂಭ ಇದು.

ಮನೆಗಳ ಹೆಸರು ಹೀಗೆ: ಬಿಳಿಯ ಎಡಗಡೆಯಿಂದ ಉದ್ದ ಸಾಲುಗಳು ಎ, ಬಿ, ಸಿ ಅಂತ ಎಚ್‌ವರೆಗೆ, ಬಿಳಿಯ ಕಡೆಯಿಂದ ಅಡ್ಡ ಸಾಲುಗಳು 1ರಿಂದ 8. ಕಾಯಿಯ ಹೆಸರು ಹೇಳದೆ ಬರೀ ‘ಸಿ4’ ಅಂದರೆ ಕಾಲಾಳಿನ ನಡೆ. ಬಿಳಿಯ ಕಾಲಾಳು ಡಿ4ಕ್ಕೆ, ಕಪ್ಪು ಕುದುರೆ ಎಫ್6ಕ್ಕೆ. ಬಿಳಿ ಸಿ4, ಕಪ್ಪು ಜಿ6. ಬಿಳಿ ಕುದುರೆ ಸಿ3ಕ್ಕೆ ಬಂದ ಕೂಡಲೇ ಕಪ್ಪು ಡಿ5 ಆಡುತ್ತದೆ. ಬಿಳಿ ಆ ಕಾಲಾಳನ್ನು ಹೊಡೆಯುತ್ತದೆ, ಕಪ್ಪು ಕುದುರೆ ತಿರುಗಿ ಹೊಡೆಯುತ್ತದೆ. ಬಿಳಿ ಇ4 ಆಡಿ ಕುದುರೆಯನ್ನು ಅಟ್ಟುತ್ತದೆ. ಕುದುರೆ ಓಡುವುದಿಲ್ಲ. ಸಿ3ಯಲ್ಲಿದ್ದ ಕುದುರೆಯನ್ನು ಹೊಡೆದೇ ಮಣೆಯಿಂದ ಇಳಿಯುತ್ತದೆ. ಬಿ2ರ ಬಿಳಿ ಕಾಲಾಳು ಅದನ್ನು ಹೊಡೆದು ಸಿ3ಕ್ಕೆ ಬರುತ್ತದೆ.

ಈಗ ನೋಡಿ. ಸಿ3, ಡಿ4, ಇ4ರಲ್ಲಿ ಬಿಳಿಯ ಮೂರು ಕಾಲಾಳು. ನಡುಮಣೆಯಲ್ಲಿ ಕಪ್ಪಿನದು ಒಂದೂ ಇಲ್ಲ. ನಡುಮಣೆ ಹಿಡಿ ಅಂತ ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡುತ್ತೇವೆ ಅಲ್ವಾ? ಮತ್ತೆ ಇದೇನು?

ಉತ್ತರ ಜಿ7ರಲ್ಲಿದೆ. ಅಲ್ಲಿ ಬಂದು ಕೂರುವ ಒಂಟೆಯ ದಾರಿ ಓರೆಯಾಗಿ ಡಿ4ರ ಮೂಲಕ ಎ1ರವರೆಗೆ ಹೋಗುತ್ತದೆ. ಆಮೇಲೆ ಕಪ್ಪು ಸಿ5 ಆಡಿ ಡಿ4ನ್ನು ಕೆಣಕುತ್ತದೆ. ಸಿ6ಕ್ಕೆ ಕುದುರೆ ಬರುತ್ತದೆ. ಇನ್ನೊಂದು ಒಂಟೆ ಜಿ4ಕ್ಕೆ ಹೋಗಿ, ಎಫ್3ಕ್ಕೆ ಬಂದು ಡಿ4ನ್ನು ಕಾಯುವ ಬಿಳಿ ಕುದುರೆಯನ್ನೇ ಕಟ್ಟಿಹಾಕುತ್ತದೆ. ಎಲ್ಲರ ಕಣ್ಣೂ ಆ ಒಂದೇ ಕಾಲಾಳಿನ ಮೇಲೆ. ಮೊದಮೊದಲು ನಾನು ಸಿ5 ಆಡಲು ತಡಮಾಡಿ ತುಂಬಾ ಆಟ ಸೋತಿದ್ದೇನೆ. ಎರಡು ನಡೆ ಸುಮ್ನೆ ಕಳೆದರೆ ಸಾಕು, ಬಿಳಿಯ ಕಾಲಾಳುಗಳು ಗೋಡೆಯ ಹಾಗೆ ಮುಂದೆ ಬರುತ್ತವೆ.

ಈ ಆರಂಭಕ್ಕೆ ಹೆಸರು ಕೊಟ್ಟವರು ವಿಯೆನ್ನಾದ ಅರ್ನ್‌ಸ್ಟ್ ಗ್ರುನ್‌ಫೆಲ್ಡ್. 1922ರಲ್ಲಿ ಇದೇ ಆಡಿ ಅಲೆಖಿನ್ ಅವರನ್ನು ಸೋಲಿಸಿದರು. ಅಲೆಖಿನ್ ಐದು ವರ್ಷದ ಮೇಲೆ ವಿಶ್ವ ಚಾಂಪಿಯನ್ ಆದರು. ಆದರೆ 1855ರಲ್ಲೇ ಬಂಗಾಳದ ಮೊಹೇಶ್‌ಚಂದ್ರ ಬ್ಯಾನರ್ಜಿ, ಜಾನ್ ಕಾಕ್ರೇನ್ ಎದುರು ಇದನ್ನು ಆಡಿದ್ದರು. ಜಿ7ರ ಒಂಟೆ, ಸಿ5, ಸಿ6ರ ಕುದುರೆ, ಜಿ4ರ ಒಂಟೆ ಎಲ್ಲವೂ ಆ ಆಟದಲ್ಲಿವೆ. ಕೊನೆಗೆ ಗೆದ್ದದ್ದು ಕಾಕ್ರೇನ್. ಆದರೂ ಆ ನಡೆಗಳನ್ನು ಮಣೆಯ ಮೇಲೆ ಇಡುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಬಿಳಿಯೂ ಸುಮ್ಮನಿರುವುದಿಲ್ಲ. ತನ್ನ ಒಂಟೆಯನ್ನು ಸಿ4ಕ್ಕೆ, ಕುದುರೆಯನ್ನು ಇ2ಕ್ಕೆ ತರುತ್ತದೆ. ಆಗ ಕಪ್ಪು ಒಂಟೆ ಜಿ4ಕ್ಕೆ ಬಂದರೂ, ಎಫ್3ಕ್ಕೆ ಕಾಲಾಳು ತಳ್ಳಿ ಅದನ್ನು ಓಡಿಸಬಹುದು. ಈ ದಾರಿಯಲ್ಲಿ ಒಂದು ಹಳೆಯ ಸಾಹಸದ ನಡೆ ಇದೆ. ಸಿ5ರ ಕಪ್ಪು ಕಾಲಾಳು ಡಿ4ರಲ್ಲಿ ಹೊಡೆದು, ಸಿ3ರ ಬಿಳಿ ಕಾಲಾಳು ತಿರುಗಿ ಹೊಡೆದು ಡಿ4ಕ್ಕೆ ಬಂದ ಮೇಲೆ, ಬಿಳಿ ಆ ಕಾಲಾಳನ್ನು ಡಿ5ಕ್ಕೆ ತಳ್ಳಿ, ಎ1ರ ಆನೆಯನ್ನು ಬೇಕೆಂದೇ ಬಿಟ್ಟುಕೊಡುತ್ತದೆ. ಜಿ7ರ ಒಂಟೆ ಹೋಗಿ ಆನೆಯನ್ನು ಹೊಡೆಯುತ್ತದೆ, ಬಿಳಿಯ ರಾಣಿ ಆ ಒಂಟೆಯನ್ನು ಹೊಡೆಯುತ್ತಾಳೆ. ಒಂದು ಒಂಟೆಗೆ ಒಂದು ಆನೆ! ಈಗ ರಾಣಿ ಎ1ರಲ್ಲಿದ್ದಾಳೆ. ಅದೇ ಓರೆ ದಾರಿ, ಆದರೆ ಈ ಸಲ ಅದು ಕಪ್ಪು ರಾಜನ ಕಡೆಗೆ ತೆರೆದಿದೆ. ಕಪ್ಪು ಎಫ್6 ಆಡಿ ಬಾಗಿಲು ಹಾಕಿಕೊಳ್ಳುತ್ತದೆ. ನಿಜವಾದ ಜಗಳ ಅಲ್ಲಿಂದ ಶುರು.