ನಲವತ್ತೆಂಟು ಅಂದಮೇಲೆ ನಲವತ್ತೆಂಟೇ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸ್ತಿದೆಯಾ? ಸರಿ.

ನನಗೆ ಕೊಟ್ಟಿರುವ ವಿಷಯ ವರ್ಣತಂತುಗಳ ವಿಧಗಳು. ವರ್ಣತಂತು ಅಂದರೆ ಕ್ರೋಮೋಸೋಮ್, ಜೀವಕೋಶದೊಳಗೆ ವಂಶದ ಗುಣಗಳನ್ನು ಹೊತ್ತಿರುವ ಎಳೆ. ಇಲ್ಲಿರುವ ಬಿಎಸ್ಸಿ ಮಕ್ಕಳಿಗೆ ಇದು ನಿದ್ದೆಯಲ್ಲೂ ಬರುತ್ತದೆ. ಸೆಂಟ್ರೋಮಿಯರ್ ನಡುವೆ ಇದ್ದರೆ ಮೆಟಾಸೆಂಟ್ರಿಕ್, ಸ್ವಲ್ಪ ಸರಿದಿದ್ದರೆ ಸಬ್‌ಮೆಟಾಸೆಂಟ್ರಿಕ್, ತುದಿಯ ಹತ್ತಿರ ಇದ್ದರೆ ಅಕ್ರೋಸೆಂಟ್ರಿಕ್, ತುದಿಯಲ್ಲೇ ಇದ್ದರೆ ಟೆಲೋಸೆಂಟ್ರಿಕ್. ವಿ, ಎಲ್, ಜೆ, ಐ. ಐದು ಮಾರ್ಕ್ಸು, ಮುಗೀತು. ಮೂವತ್ತು ವರ್ಷ ಇದನ್ನೇ ಬೋರ್ಡಿನ ಮೇಲೆ ಬರೆದವನು ನಾನು, ಹಾಗಾಗಿ ಬೈಯುವ ಹಕ್ಕೂ ನನಗಿದೆ. ಆ ವಿ, ಎಲ್ ಆಕಾರ ಯಾಕೆ ಬರುತ್ತದೆ ಅಂತ ಕೇಳಿದರೆ ಅರ್ಧ ತರಗತಿ ಸುಮ್ನೆ ನನ್ನ ಮುಖ ನೋಡುತ್ತಿತ್ತು. ಒಂದು ಹಗ್ಗವನ್ನು ನಡುವೆ ಹಿಡಿದು ಎಳೆಯಿರಿ. ಎರಡೂ ತುದಿ ಹಿಂದೆ ಜೋಲುತ್ತವೆ, ವಿ ಆಯಿತು. ತುದಿ ಹಿಡಿದು ಎಳೆಯಿರಿ, ಐ. ಜೀವಕೋಶ ಎರಡಾಗುವಾಗ ತಂತುಗಳನ್ನು ಎರಡು ಕಡೆಗೆ ಎಳೆಯುತ್ತದಲ್ಲ, ಎಲ್ಲಿ ಹಿಡಿದು ಎಳೆಯುತ್ತದೋ ಅದೇ ಸೆಂಟ್ರೋಮಿಯರ್. ಅಷ್ಟೇ ವಿಷಯ. ಹಗ್ಗ ಎಳೆದು ನೋಡದೆ ಅಕ್ಷರ ಬಾಯಿಪಾಠ ಮಾಡಿದರೆ ಏನು ಬಂತು?

ಇದಕ್ಕೊಂದು ಕತೆ ಇದೆ. ನನ್ನ ಕತೆಯೇ.

ನಾನು ಬಿಎಸ್ಸಿ ಓದುವಾಗ ಡ್ರಾಸಾಫಿಲದ ವರ್ಣತಂತು ನೋಡಿ ಚಿತ್ರ ಬರೆಯುವ ಪ್ರಾಕ್ಟಿಕಲ್ ಇತ್ತು. ಕೊಳೆತ ಬಾಳೆಹಣ್ಣಿನ ಮೇಲೆ ಕೂರುವ ಪುಟ್ಟ ನೊಣ, ಗೊತ್ತಲ್ಲ. ಅದನ್ನು ಸಾಕಲು ರವೆ, ಬೆಲ್ಲ, ಅಗರ್ ಹಾಕಿ ಕಾಯಿಸುತ್ತಾರೆ. ಲ್ಯಾಬಿನಲ್ಲಿ ಅದು ಕುದಿಯುವಾಗ ಥೇಟ್ ಮನೆಯಲ್ಲಿ ಸಜ್ಜಿಗೆ ಮಾಡಿದ ಘಮ. ನಾವೆಲ್ಲ ಹಾಸ್ಟೆಲ್ ಹುಡುಗರು, ಹಸಿವು ಜಾಸ್ತಿ, ಅಟೆಂಡರ್ ನಮ್ಮ ಮೇಲೆ ಒಂದು ಕಣ್ಣು ಇಟ್ಟೇ ಇರುತ್ತಿದ್ದ. ಆಮೇಲೆ ಬೂಸ್ಟು ಬರದಿರಲಿ ಅಂತ ಪ್ರೊಪಿಯಾನಿಕ್ ಆಮ್ಲ ಹಾಕುತ್ತಾರೆ. ಅಲ್ಲಿಗೆ ಘಮವೂ ಹೋಯಿತು, ಆಸೆಯೂ ಹೋಯಿತು.

ಆ ಬಾಟಲಿಯ ಗೋಡೆ ಹತ್ತುತ್ತಿರುವ ದಪ್ಪ ಮರಿಹುಳುವನ್ನೇ ಆರಿಸಬೇಕು. ಸ್ಲೈಡಿನ ಮೇಲೆ ಒಂದು ಹನಿ ಉಪ್ಪುನೀರು. ಒಂದು ಸೂಜಿ ಹುಳುವಿನ ನಡುವೆ, ಇನ್ನೊಂದು ಸೂಜಿ ಬಾಯಿಯ ಆ ಕಪ್ಪು ಕೊಕ್ಕೆಯ ಹಿಂದೆ. ಮೆಲ್ಲಗೆ ಎಳೆದರೆ ತಲೆಯ ಜೊತೆ ಜೊಲ್ಲುಗ್ರಂಥಿಗಳ ಜೋಡಿ ಹೊರಗೆ ಬರುತ್ತದೆ. ಗಾಜಿನ ಹಾಗೆ ಪಾರದರ್ಶಕ. ಅದಕ್ಕೆ ಅಂಟಿಕೊಂಡು ಬೆಳ್ಳಗೆ ಕೊಬ್ಬಿನ ಪಟ್ಟಿ ಇರುತ್ತದೆ. ಗ್ರಂಥಿಯನ್ನು ಇಟ್ಟುಕೊಂಡು ಕೊಬ್ಬನ್ನು ಎಸೆಯಬೇಕು. ನಾನು ಮೂರು ವಾರ ಕೊಬ್ಬನ್ನು ಇಟ್ಟುಕೊಂಡು ಗ್ರಂಥಿಯನ್ನು ಎಸೆದೆ! ಅಸಿಟೋಕಾರ್ಮಿನ್ ಬಣ್ಣ ಹಾಕಿ, ಕವರ್ ಸ್ಲಿಪ್ ಮುಚ್ಚಿ, ಒತ್ತುಕಾಗದ ಇಟ್ಟು ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಬರೀ ಎಣ್ಣೆ ಹನಿಗಳು. ರೆಕಾರ್ಡಿನಲ್ಲಿ ಏನು ಬರೆಯುವುದು? ಪಠ್ಯಪುಸ್ತಕ ತೆಗೆದೆ. ಒಂದು ಕೇಂದ್ರದಿಂದ ಹೊರಟ ಐದು ಉದ್ದ ತೋಳು, ಒಂದು ಮೋಟು ತೋಳು, ಉದ್ದಕ್ಕೂ ಅಡ್ಡಪಟ್ಟಿ. ಚೆನ್ನಾಗಿ ಶೇಡ್ ಮಾಡಿ ಬರೆದೆ. ಪಕ್ಕದ ಬೆಂಚಿನ ಹುಡುಗಿಗೆ ನಿಜವಾದ ಗ್ರಂಥಿಯೇ ಸಿಕ್ಕಿತ್ತು. ಆದರೆ ಜೋರಾಗಿ ಒತ್ತಿದ್ದಳು, ತೋಳುಗಳು ಮುರಿದು ಒಂದರ ಮೇಲೊಂದು ಬಿದ್ದಿದ್ದವು. ಅವಳು ಕಂಡಿದ್ದನ್ನು ಕಂಡ ಹಾಗೇ ಬರೆದಳು. ನನಗೆ ಹತ್ತಕ್ಕೆ ಒಂಬತ್ತು. ಅವಳಿಗೆ ನಾಲ್ಕು, ಪಕ್ಕದಲ್ಲಿ ಕೆಂಪು ಇಂಕಿನಲ್ಲಿ 'ಚಿತ್ರ ಸರಿಯಿಲ್ಲ'.

ಆ ಒಂಬತ್ತು ಮಾರ್ಕ್ಸು ಇವತ್ತಿಗೂ ನನಗೆ ಮುಳ್ಳಿನ ಹಾಗೆ ಚುಚ್ಚುತ್ತದೆ.

ನೀವು ಕೇಳಬಹುದು, ಜೊಲ್ಲುಗ್ರಂಥಿಯೇ ಯಾಕೆ ಅಂತ. ಅಲ್ಲಿ ಕೋಶ ಒಡೆಯದೆ ತಂತು ಮಾತ್ರ ಮತ್ತೆ ಮತ್ತೆ ನಕಲಾಗುತ್ತದೆ. ಹತ್ತು ಸಲ ನಕಲಾದರೆ 1024 ಎಳೆ. ಎಲ್ಲ ಬೇರೆಯಾಗದೆ ಒಟ್ಟಿಗೇ ಅಂಟಿಕೊಂಡಿರುತ್ತವೆ, ಹುರಿಹಗ್ಗದ ಹಾಗೆ. ಅದಕ್ಕೇ ಪಾಲಿಟೀನ್, ಅಂದರೆ ಬಹಳ ಎಳೆಗಳದ್ದು, ಅಂತ ಹೆಸರು, ನಾವು ದೈತ್ಯ ವರ್ಣತಂತು ಅನ್ನುತ್ತೇವೆ. 1881ರಲ್ಲೇ ಬಾಲ್ಬಿಯಾನಿ ಎಂಬಾತ ಇನ್ನೊಂದು ಜಾತಿಯ ಕೀಟದ ಹುಳುವಿನಲ್ಲಿ ಇದನ್ನು ಕಂಡಿದ್ದ. ಡ್ರಾಸಾಫಿಲದಲ್ಲಿ ಇದರ ಬೆಲೆ ತೋರಿಸಿಕೊಟ್ಟಿದ್ದು 1933ರಲ್ಲಿ, ಅಮೆರಿಕದ ಟೆಕ್ಸಸ್‌ನ ಥಿಯೋಫಿಲಸ್ ಪೇಂಟರ್.

ಈ ಪೇಂಟರ್ ದೊಡ್ಡ ವಿಜ್ಞಾನಿ, ಅನುಮಾನ ಬೇಡ. ಆದರೆ ಮನುಷ್ಯನ ವರ್ಣತಂತು ಎಣಿಸಲು ಕೂತಾಗ 46 ಅನ್ನಲೋ 48 ಅನ್ನಲೋ ಅಂತ ಮೊದಲು ತಡಕಾಡಿದ. 1923ರಲ್ಲಿ 48 ಅಂತ ತೀರ್ಮಾನ ಮಾಡಿದ. ಅಲ್ಲಿಂದ ಮೂವತ್ತಕ್ಕೂ ಹೆಚ್ಚು ವರ್ಷ ಎಲ್ಲ ಪುಸ್ತಕದಲ್ಲೂ 48. ತಮಾಷೆ ಏನು ಗೊತ್ತಾ? 1952ರಲ್ಲಿ ಅಲ್ಲೇ ಟೆಕ್ಸಸ್‌ನಲ್ಲಿ ಟಿ. ಸಿ. ಶೂ ಅವರ ಲ್ಯಾಬಿನಲ್ಲಿ ಯಾರೋ ಉಪ್ಪುನೀರಿಗೆ ನೀರು ಜಾಸ್ತಿ ಮಾಡಿಬಿಟ್ಟರು. ಕೋಶ ನೀರು ಕುಡಿದು ಊದಿತು, ಗೊಂಚಲಾಗಿದ್ದ ತಂತುಗಳು ದೂರ ದೂರ ಹರಡಿದವು. ಮೊದಲ ಸಲ ಮನುಷ್ಯನ ತಂತುಗಳು ಅಷ್ಟು ಸ್ಪಷ್ಟವಾಗಿ ಕಂಡವು. ಅವರೂ ಎಣಿಸಿದರು. 48 ಅಂತಲೇ ಬರೆದರು! ನನ್ನ ರೆಕಾರ್ಡ್ ಬುಕ್ಕೇ ನೆನಪಾಗುತ್ತದೆ ನನಗೆ. ನಾನು ಕೊಬ್ಬು ನೋಡಿ ಪುಸ್ತಕದಲ್ಲಿದ್ದದ್ದನ್ನು ಬರೆದೆ, ಅವರು ತಂತು ನೋಡಿಯೂ ಪುಸ್ತಕದಲ್ಲಿದ್ದದ್ದನ್ನೇ ಬರೆದರು.

ಕೊನೆಗೆ 1955ರ ಡಿಸೆಂಬರ್‌ನಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಟಿಯೋ ಎಣಿಸಿದಾಗ 46 ಬಂತು. ಜಾವಾದಲ್ಲಿ ಹುಟ್ಟಿದವರು, ಯುದ್ಧದ ಕಾಲದಲ್ಲಿ ಜಪಾನೀಯರ ಸೆರೆಯಲ್ಲಿ ಇದ್ದವರು. ಮತ್ತೆ ಎಣಿಸಿದರು, 46. ಮರುವರ್ಷ ಆಲ್ಬರ್ಟ್ ಲೆವಾನ್ ಜೊತೆ ಪ್ರಕಟಿಸಿದರು. ಇಷ್ಟರ ಮೇಲೆ 48 ಯಾರಿಗಿದೆ ಅಂದರೆ ಚಿಂಪಾಂಜಿಗೆ. ಆಲೂಗಡ್ಡೆಗೂ. ನಗಬೇಡಿ! ಚಿಂಪಾಂಜಿಯಲ್ಲಿ ಬೇರೆ ಬೇರೆ ಇರುವ ಎರಡು ತಂತು ನಮ್ಮ ವಂಶದಲ್ಲಿ ಯಾವಾಗಲೋ ಬೆಸೆದುಕೊಂಡವು, ಅದೇ ನಮ್ಮ ಎರಡನೇ ನಂಬರಿನ ತಂತು. ಬೆಸುಗೆಯ ಗುರುತು ಇನ್ನೂ ನಡುವೆ ಇದೆ, ಹಳೆಯ ಇನ್ನೊಂದು ಸೆಂಟ್ರೋಮಿಯರ್‌ನ ಪಳೆಯುಳಿಕೆಯೂ ಇದೆ.

ಹಾಗಂತ ಸಂಖ್ಯೆಗೂ ಜಾಣತನಕ್ಕೂ ಸಂಬಂಧ ಹಾಕಬೇಡಿ. ನಮ್ಮ ಮಲೆನಾಡಿನ ಕಾಡುಕುರಿ ಇದೆಯಲ್ಲ, ನಾಯಿಯ ಹಾಗೆ ಬೊಗಳುವ ಜಿಂಕೆ, ಹೆಣ್ಣಿಗೆ ಆರೇ ತಂತು, ಗಂಡಿಗೆ ಏಳು. ಅದರ ಚೀನಾದ ನೆಂಟನಿಗೆ 46. ಒಂದು ಪುಟ್ಟ ಜರೀಗಿಡ, ಓಫಿಯೋಗ್ಲಾಸಮ್, ಅದಕ್ಕೆ 1260ರ ಹತ್ತಿರ. ಅದನ್ನು ಎಣಿಸಿದವರ ತಾಳ್ಮೆಗೆ ಕೈಮುಗಿಯಬೇಕು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸರಿ, ಬೇಗ ಬೇಗ.

ರೇಷ್ಮೆ ಹುಳುವಿನ ಬಗ್ಗೆ ಹೇಳದಿದ್ದರೆ ರಾಮನಗರದ ಕಡೆಯವರು ನನ್ನನ್ನು ಬಿಡುವುದಿಲ್ಲ. ಅದಕ್ಕೆ 56 ತಂತು. ನಮ್ಮ ವಿ, ಎಲ್, ಜೆ, ಐ ಅಲ್ಲಿ ನಡೆಯುವುದಿಲ್ಲ, ಯಾಕೆಂದರೆ ಒಂದೇ ಜಾಗದಲ್ಲಿ ಸೆಂಟ್ರೋಮಿಯರ್ ಇಲ್ಲ. ತಂತುವನ್ನು ಉದ್ದಕ್ಕೂ ಹಿಡಿದು ಎಳೆಯುತ್ತದೆ, ಚಾಪೆ ಎತ್ತಿದ ಹಾಗೆ. ನಮ್ಮಲ್ಲಿ ಗಂಡಿಗೆ ಎಕ್ಸ್ ವೈ, ಅಲ್ಲಿ ಉಲ್ಟಾ, ಹೆಣ್ಣಿಗೇ ಝಡ್ ಡಬ್ಲ್ಯು. ಮರಿ ಗಂಡೋ ಹೆಣ್ಣೋ ಅಂತ ತೀರ್ಮಾನ ಆಗುವುದು ತಾಯಿಯ ಕಡೆಯಿಂದ. ಕೋಳಿಯಲ್ಲೂ ಹಾಗೇ. ಜೇನಿನಲ್ಲಿ ಇವು ಯಾವುವೂ ಇಲ್ಲ, ಹೆಣ್ಣಿಗೆ 32, ಗಂಡಿಗೆ 16, ಫಲಿಸದ ಮೊಟ್ಟೆಯಿಂದ ಹುಟ್ಟುವ ಅವನಿಗೆ ಅಪ್ಪನೇ ಇಲ್ಲ!

ಬ್ಯಾಕ್ಟೀರಿಯಾದ ಉಂಗುರದಂಥ ತಂತು, ಮೊಟ್ಟೆಕೋಶಗಳ ಬ್ರಷ್ಷಿನಂಥ ಲ್ಯಾಂಪ್‌ಬ್ರಷ್ ತಂತು, ಮೆಕ್ಕೆಜೋಳದ ಹೆಚ್ಚುವರಿ ಬಿ ತಂತು, ಇವುಗಳ ಚೀಟಿ ಜೇಬಿನಲ್ಲೇ ಉಳಿಯಿತು. ಮಾನಸಗಂಗೋತ್ರಿಯಲ್ಲಿ ಎಂಟು ತಂತುಗಳ ನೊಣವನ್ನೂ ಆರು ತಂತುಗಳ ನೊಣವನ್ನೂ ಕೂಡಿಸಿ ಹೊಸ ತಳಿಗಳನ್ನೇ ಪಡೆದರು, ಅದಕ್ಕೆ ಇನ್ನೊಂದು ಸಂಜೆ ಬೇಕು.

ಹಿಂದೆ ಕಿಟಕಿಯ ಹತ್ತಿರ ಎರಡು ಮೈಕ್ರೋಸ್ಕೋಪ್ ಇಟ್ಟಿದ್ದೇನೆ. ಈರುಳ್ಳಿ ಬೇರಿನ ತುದಿ, ಇವತ್ತು ಬೆಳಿಗ್ಗೆ ನಾನೇ ಒತ್ತಿದ್ದು. ಟೀ ಕುಡಿಯುವ ಮೊದಲು ಒಬ್ಬೊಬ್ಬರೇ ಹೋಗಿ ಎಣಿಸಿ, ಪಕ್ಕದ ಹಾಳೆಯಲ್ಲಿ ನಿಮಗೆ ಬಂದ ಲೆಕ್ಕ ಬರೆಯಿರಿ. ಮೊಬೈಲ್ ಮಾತ್ರ ಜೇಬಿನಲ್ಲೇ ಇರಲಿ. ಎಷ್ಟು ಬರಬೇಕು ಅಂತ ನಾನು ಹೇಳುವುದಿಲ್ಲ.