ಕೊನೆ ಕಾಣುತ್ತಿದೆ ಅಂದ ಮೇಲೆ

ನಮಸ್ಕಾರ, ಕೇಳುಗರೇ.

1967ರ ನವೆಂಬರ್ 21. ವಿಯೆಟ್ನಾಂನಲ್ಲಿ ಅಮೆರಿಕದ ಸೇನೆಯನ್ನು ನಡೆಸುತ್ತಿದ್ದ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ವಾಷಿಂಗ್ಟನ್‌ನಲ್ಲಿ ಪತ್ರಕರ್ತರ ಮುಂದೆ ನಿಂತಿದ್ದರು. ಯುದ್ಧದ ಕೊನೆ ಕಣ್ಣಿಗೆ ಕಾಣತೊಡಗಿದೆ ಎಂದರು. ಅವರನ್ನು ಅಷ್ಟು ದೂರದಿಂದ ಕರೆಸಿದ್ದು ಅಧ್ಯಕ್ಷ ಲಿಂಡನ್ ಜಾನ್ಸನ್. ಮುಂದಿನ ವರ್ಷ ಚುನಾವಣೆ. ಜನ ಯುದ್ಧದಿಂದ ಬೇಸತ್ತಿದ್ದರು. ಒಳ್ಳೆಯ ಸುದ್ದಿ ಸೇನಾಪತಿಯ ಬಾಯಿಂದಲೇ ಬರಲಿ ಎಂದು ಸರ್ಕಾರಕ್ಕೆ ಆಸೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಗೆಲ್ಲುತ್ತಿದ್ದೇವೆ ಎನ್ನುವುದಕ್ಕೆ ಅಳತೆ ಏನಿತ್ತು? ಆ ಯುದ್ಧದಲ್ಲಿ ಇಲ್ಲಿಂದ ಇಲ್ಲಿಗೆ ಎಂದು ತೋರಿಸುವ ಗಡಿ ಇರಲಿಲ್ಲ. ಹಾಗಾಗಿ ಶತ್ರುಗಳ ಹೆಣ ಎಣಿಸುತ್ತಿದ್ದರು. ಶತ್ರುಗಳು ಅಂದರೆ ಉತ್ತರ ವಿಯೆಟ್ನಾಂನ ಸೇನೆ, ಮತ್ತು ದಕ್ಷಿಣದಲ್ಲಿ ಅದರ ಜೊತೆಗಿದ್ದ ಕಮ್ಯುನಿಸ್ಟ್ ಹೋರಾಟಗಾರರು. ಉಳಿದ ಶತ್ರುಗಳೆಷ್ಟು ಎಂಬುದರಲ್ಲೂ ಜಗಳವಿತ್ತು. ಹಳ್ಳಿಗಳಲ್ಲೇ ಇದ್ದು ಹೋರಾಡುತ್ತಿದ್ದವರ ದಳಗಳನ್ನು ಸೇನೆ ಪಟ್ಟಿಯಿಂದ ತೆಗೆಯಿತು. ಇದು ತಪ್ಪು ಎಂದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಒಳಗಿದ್ದ ಕೆಲವರು ವಾದಿಸಿದರು. ಆದರೂ ಸಂಖ್ಯೆ ಮೂರು ಲಕ್ಷದ ಒಳಗೇ ಉಳಿಯಿತು. ನನಗೆ ಜಾಸ್ತಿ ನೋವಾಗುವುದು ಇಲ್ಲೇ. ಕಾಗದದ ಮೇಲೆ ಕಡಿಮೆಯಾದ ಶತ್ರು ಕಾಡಿನಲ್ಲಿ ಕಡಿಮೆಯಾಗುವುದಿಲ್ಲ, ಅಲ್ವಾ?

ಎರಡು ತಿಂಗಳು ಕಳೆದವು. 1968ರ ಜನವರಿ ಕೊನೆಗೆ ಟೆಟ್ ಬಂತು. ಅದು ವಿಯೆಟ್ನಾಮಿಗರ ಹೊಸ ವರ್ಷದ ಹಬ್ಬ. ಪಟಾಕಿ ಸದ್ದಿನ ನಡುವೆ ಗುಂಡಿನ ಸದ್ದು ಶುರುವಾಯಿತು. ನೂರಕ್ಕೂ ಹೆಚ್ಚು ಊರುಗಳ ಮೇಲೆ ಹೆಚ್ಚುಕಡಿಮೆ ಒಟ್ಟಿಗೆ ದಾಳಿ. ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿಯ ಗೋಡೆಯನ್ನೇ ಸ್ಫೋಟಿಸಿ ತೂತು ಮಾಡಿ ಹೋರಾಟಗಾರರು ಒಳಗೆ ನುಗ್ಗಿದರು. ಅಂಗಳದಲ್ಲಿ ಬೆಳಗಿನವರೆಗೂ ಕಾದಾಟ ನಡೆಯಿತು. ಹ್ವೆ ಎಂಬ ಹಳೆಯ ರಾಜಧಾನಿಯಲ್ಲಿ ಅದು ಮೂರು ವಾರ ದಾಟಿತು. ಅಲ್ಲಿ ಸಾವಿರಾರು ಸಾಮಾನ್ಯ ಜನ ಸತ್ತರು.

ರಣರಂಗದ ಲೆಕ್ಕದಲ್ಲಿ ಟೆಟ್ ದಾಳಿ ಸೋತಿತು. ಹಿಡಿದ ಊರುಗಳನ್ನು ದಾಳಿಕೋರರು ಉಳಿಸಿಕೊಳ್ಳಲಿಲ್ಲ. ಅವರ ಕಡೆ ಸಾವೂ ವಿಪರೀತ. ಶತ್ರುವಿನ ಯೋಜನೆ ಕೆಟ್ಟಿತು ಎಂದು ವೆಸ್ಟ್‌ಮೋರ್‌ಲ್ಯಾಂಡ್ ಹೇಳಿದ್ದು ಸುಳ್ಳಲ್ಲ. ಆದರೆ ಅಮೆರಿಕದಲ್ಲಿ ಅದನ್ನು ನಂಬುವವರು ಕಡಿಮೆಯಾಗಿದ್ದರು. ನವೆಂಬರ್‌ನಲ್ಲಿ ಆಡಿದ ಮಾತು ಫೆಬ್ರವರಿಯ ನಿಜವನ್ನೂ ತಿಂದುಹಾಕಿತ್ತು. ಮನೆಮನೆಯ ಟಿವಿಯಲ್ಲಿ ಕಾಣುತ್ತಿದ್ದ ರಾಯಭಾರ ಕಚೇರಿಯ ಅಂಗಳ, ಆ ಹೆಣಗಳು, ಯಾವ ಜನರಲ್‌ನ ಮಾತಿಗಿಂತ ದೊಡ್ಡದಾಗಿ ಮಾತಾಡಿದವು.

ಫೆಬ್ರವರಿ 27ರಂದು ವಾಲ್ಟರ್ ಕ್ರಾಂಕೈಟ್, ದೇಶವೇ ನಂಬುತ್ತಿದ್ದ ಸುದ್ದಿ ವಾಚಕ, ಈ ಯುದ್ಧ ಯಾರೂ ಗೆಲ್ಲದೆ ಸಿಕ್ಕಿಕೊಂಡಿದೆ ಎಂದರು. ಮಾರ್ಚ್‌ನಲ್ಲಿ ಇನ್ನೊಂದು ಸುದ್ದಿ ಪತ್ರಿಕೆಗೆ ಸಿಕ್ಕಿತು: ಸೇನೆ ಇನ್ನೂ 2,06,000 ಸೈನಿಕರನ್ನು ಕೇಳಿದೆ. ಕೊನೆ ಕಾಣುತ್ತಿದ್ದರೆ ಇಷ್ಟು ಜನ ಯಾಕೆ ಬೇಕು? ಮಾರ್ಚ್ 31ಕ್ಕೆ ಜಾನ್ಸನ್ ತಾವು ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಎಂದು ಘೋಷಿಸಿದರು.

ಆ 1968 ಒಂದೇ ವರ್ಷದಲ್ಲಿ ಅಮೆರಿಕದ 16,000ಕ್ಕೂ ಹೆಚ್ಚು ಸೈನಿಕರು ಸತ್ತರು. ವಿಯೆಟ್ನಾಮಿಗರ ಸಾವು ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ. ನವೆಂಬರ್‌ನ ಮಾತು ಕೇಳಿ, ಮಗ ಇನ್ನೇನು ಮನೆಗೆ ಬಂದೇ ಬರುತ್ತಾನೆ ಅಂತ ದಿನ ಎಣಿಸಿದ ತಾಯಂದಿರೂ ಇದ್ದಿರಬೇಕು. ಯುದ್ಧ ಮುಗಿದದ್ದು 1975ರ ಏಪ್ರಿಲ್ 30ಕ್ಕೆ.